ಬಿವೈಡಿ ಸೀಲ್: ಪ್ರೀಮಿಯಂ ಸಾಕೇನು, ಪರ್ಫಾರ್ಮೆನ್ಸ್‌ಗೆ ಇನ್ನೂ ಏಳೂವರೆ ಲಕ್ಷ ಹಾಕಬೇಕೇನು?

ಟಿಳಕವಾಡಿ_ಗಾಡಿ ಕೇಳಿದ್ದು:

ನಮಸ್ಕಾರ ಎಲ್ಲಾರಿಗೂ. ಬಿವೈಡಿ ಸೀಲ್ ಅನ್ನೂ ಎಲೆಕ್ಟ್ರಿಕ್ ಕಾರು ತಗೊಳ್ಳೂದು ಪಕ್ಕಾ ಆಗೈತಿ, ಯಾವ ಟ್ರಿಮ್ (ದರ್ಜೆ) ಅನ್ನೂದೊಂದ ಉಳದೈತಿ. 2025ರ ಮಾದರಿಯ ಶೋರೂಂ ಬೆಲೆ ಡೈನಾಮಿಕ್ 41 ಲಕ್ಷ, ಪ್ರೀಮಿಯಂ 45.70 ಲಕ್ಷ, ಪರ್ಫಾರ್ಮೆನ್ಸ್ 53.15 ಲಕ್ಷ. ಡೈನಾಮಿಕ್‌ನ ಬ್ಯಾಟರಿ 61.44 ಯೂನಿಟ್ (ಕಿಲೋವ್ಯಾಟ್-ಅವರ್) ಅಷ್ಟ, ಹಿಂಗಾಗಿ ಅದನ್ನ ಬಿಟ್ಟೀನಿ. ಉಳದ ಎರಡಕ್ಕೂ ಬ್ಯಾಟರಿ ಒಂದ, 82.56 ಯೂನಿಟ್. ಪ್ರೀಮಿಯಂಗೆ ಹಿಂದಿನ ಗಾಲಿಗೆ ಒಂದ ಮೋಟರ್, 313 ಪಿಎಸ್ (ಅಶ್ವಶಕ್ತಿ), ತಾಸಿಗೆ ನೂರು ಕಿ.ಮೀ. ವೇಗ ಮುಟ್ಟಾಕ 5.9 ಸೆಕೆಂಡ್. ಪರ್ಫಾರ್ಮೆನ್ಸ್‌ಗೆ ಎರಡು ಮೋಟರ್, ನಾಲ್ಕೂ ಗಾಲಿಗೆ ಎಳೆತ, 530 ಪಿಎಸ್, 3.8 ಸೆಕೆಂಡ್.

ಓಡಾಟ ಹಿಂಗ ಐತಿ. ಮನಿ ಬೆಳಗಾವಿಯ ಟಿಳಕವಾಡಿ, ಕೆಲಸ ಉದ್ಯಮಬಾಗ, ಅದು ಲೆಕ್ಕಕ್ಕಿಲ್ಲ. ಜಾಂಬೋಟಿ, ಕಣಕುಂಬಿ ಮ್ಯಾಲೆ ಹಾಯ್ದು ಚೋರ್ಲಾ ಘಾಟ್ ಇಳದು ಗೋವಾ, ಮಳಿಗಾಲದಾಗೂ. ಆಗಾಗ ಎನ್‌ಎಚ್ 48 ಹಿಡದು ಬೆಂಗಳೂರು. ಅತ್ತಿ ಮನಿ ಮುಧೋಳ ಕಡೆ, ಕಬ್ಬಿನ ಹಂಗಾಮಿನ್ಯಾಗೂ ಹೋಗಬೇಕಾಗತೈತಿ.

ಜೋರಾಗಿ ಓಡಿಸೂದು ಮನಸಿಗೆ ಹಿಡಿಸತೈತಿ, ಸುಳ್ಳು ಹೇಳೂದಿಲ್ಲ. ಆದರ ಈ ಏಳೂವರೆ ಲಕ್ಷಕ್ಕ ನಮ್ಮ ಕಡೆ ರಸ್ತೆದಾಗ ಏನ್ ಸಿಗತೈತಿ ಅನ್ನೂದನ್ನ ಗೊತ್ತಿದ್ದವರು ಬಿಡಿಸಿ ಹೇಳ್ರಿ. ರೇಂಜ್, ಘಾಟ್, ಸಸ್ಪೆನ್ಷನ್, ಮನಿ ಚಾರ್ಜಿಂಗ್, ಎಲ್ಲಾ.


ವಿಜಯಪುರ_ಇವಿ:

ಮೊದಲು ರೊಕ್ಕದ ಲೆಕ್ಕ, ಯಾಕಂದ್ರೆ ಅದು ಏಳೂವರೆ ಲಕ್ಷಕ್ಕೆ ನಿಲ್ಲುವುದಿಲ್ಲ. ಶೋರೂಂ ವ್ಯತ್ಯಾಸ 7.45 ಲಕ್ಷ. ಕರ್ನಾಟಕದಲ್ಲಿ 2024ರಿಂದ 25 ಲಕ್ಷ ಮೀರಿದ ಇವಿಗೆ ಲೈಫ್‌ಟೈಮ್ ಟ್ಯಾಕ್ಸ್ ಶೇ. 10 ಇದೆ. ಅಲ್ಲಿಗೆ ಇನ್ನೂ 74,500 ಸೇರಿತು. ವಿಮೆಯ ಐಡಿವಿ (ವಿಮೆಯವರು ಗಾಡಿಗೆ ಹಿಡಿಯುವ ಬೆಲೆ) ಹೆಚ್ಚಾಗುತ್ತದೆ, ಝೀರೋ ಡೆಪ್ (ಸವಕಳಿ ಕಡಿತವಿಲ್ಲದ ವಿಮೆ) ಹಾಕಿದರೆ ಮೊದಲ ವರ್ಷಕ್ಕೇ 15ರಿಂದ 20 ಸಾವಿರ ಹೆಚ್ಚು ಎಂದು ಹಿಡಿಯಿರಿ. ರಸ್ತೆಗಿಳಿಯುವ ಹೊತ್ತಿಗೆ ವ್ಯತ್ಯಾಸ ಸುಮಾರು 8.4 ಲಕ್ಷ. ಶೇ. 1 ಟಿಸಿಎಸ್ (ಮಾರುವವರೇ ವಸೂಲು ಮಾಡುವ ಆದಾಯ ತೆರಿಗೆ) ಕೂಡ ಕಟ್ಟಿಸಿಕೊಳ್ಳುತ್ತಾರೆ. ಅದನ್ನು ಆದಾಯ ತೆರಿಗೆ ರಿಟರ್ನ್‌ನಲ್ಲಿ ಹೊಂದಿಸಿಕೊಳ್ಳಬಹುದು, ಹಾಗಾಗಿ ಖರ್ಚಿಗೆ ಸೇರಿಸಿಲ್ಲ.

ಈ 8.4 ಲಕ್ಷವನ್ನು ಸಾಲದಲ್ಲೇ ಹಾಕಿದರೆ, ಶೇ. 9ರ ಬಡ್ಡಿ, 60 ತಿಂಗಳು ಅಂದರೆ ಕಂತು ತಿಂಗಳಿಗೆ ಸುಮಾರು 17,400. ಒಟ್ಟು ಕಟ್ಟುವುದು ಹತ್ತೂವರೆ ಲಕ್ಷದ ಹತ್ತಿರ. ಹೋಲಿಸಬೇಕಾದ್ದು ಈ ಅಂಕಿಯನ್ನು, ಶೋರೂಂ ಬೋರ್ಡಿನ ಅಂಕಿಯನ್ನಲ್ಲ.

ಈಗ ರೇಂಜ್. ಹೆಚ್ಚು ದುಡ್ಡು ಕೊಟ್ಟರೆ ಹೆಚ್ಚು ದೂರ ಹೋಗುತ್ತದೆ ಎಂದು ಬಹಳ ಮಂದಿ ತಿಳಿದಿರುತ್ತಾರೆ. ಇಲ್ಲಿ ಉಲ್ಟಾ. ಕಂಪನಿ ಕೊಡುವ ಎನ್‌ಇಡಿಸಿ (ಲ್ಯಾಬ್ ಪರೀಕ್ಷೆಯ) ಅಂಕಿ ಪ್ರೀಮಿಯಂಗೆ 650 ಕಿ.ಮೀ., ಪರ್ಫಾರ್ಮೆನ್ಸ್‌ಗೆ 580. ಬ್ಯಾಟರಿ ಅದೇ, ತೂಕ ಸುಮಾರು 130 ಕೆ.ಜಿ. ಹೆಚ್ಚು (2,055 ಮತ್ತು 2,185), ಜೊತೆಗೆ ಮುಂದಿನ ಮೋಟರ್, ಅದರ ಗೇರ್, ಅದರ ಇನ್ವರ್ಟರ್. ಮುಂದಿನದು ಇಂಡಕ್ಷನ್ ಮೋಟರ್. ಕರೆಂಟ್ ಕೊಡದಿದ್ದಾಗ ಅದರಲ್ಲಿ ಆಯಸ್ಕಾಂತದ ಎಳೆತ ಇರುವುದಿಲ್ಲ, ಆದ್ದರಿಂದ ನಷ್ಟ ಇಷ್ಟಕ್ಕೇ ನಿಂತಿದೆ.

ನೂರರ ವೇಗ, ಎಸಿ ಚಾಲು, ನಾಲ್ಕು ಪಥದ ರಸ್ತೆ ಎಂದರೆ ಲೆಕ್ಕಕ್ಕೆ ಪ್ರೀಮಿಯಂಗೆ 100 ಕಿ.ಮೀ.ಗೆ 17 ಯೂನಿಟ್, ಪರ್ಫಾರ್ಮೆನ್ಸ್‌ಗೆ 18.5 ಹಿಡಿಯಿರಿ. ಬೆಳಗಾವಿಯಿಂದ ಬೆಂಗಳೂರು ಸುಮಾರು 500 ಕಿ.ಮೀ. ಎರಡೂ ಒಂದೇ ಚಾರ್ಜಿನಲ್ಲಿ ಮುಟ್ಟುವುದಿಲ್ಲ, ಎರಡಕ್ಕೂ ಒಂದು ನಿಲುಗಡೆ ಸಾಕು. ದಾವಣಗೆರೆ ಸುಮಾರು 240ನೇ ಕಿ.ಮೀ.ಗೆ ಬರುತ್ತದೆ. ಅಲ್ಲಿ ಪ್ರೀಮಿಯಂನಲ್ಲಿ ಶೇ. 50 ಉಳಿದಿರುತ್ತದೆ, ಪರ್ಫಾರ್ಮೆನ್ಸ್‌ನಲ್ಲಿ ಶೇ. 46. ಶೇ. 10 ಉಳಿಸಿಕೊಂಡು ಬೆಂಗಳೂರು ಮುಟ್ಟಲು ಒಂದಕ್ಕೆ ಶೇ. 64, ಇನ್ನೊಂದಕ್ಕೆ ಶೇ. 68 ಇರಬೇಕು. ಅಂದರೆ ತುಂಬಿಸಬೇಕಾದ್ದು 11 ಯೂನಿಟ್ ಮತ್ತು 18 ಯೂನಿಟ್. ಹೆದ್ದಾರಿಯ 60 ಕಿಲೋವ್ಯಾಟ್ ಚಾರ್ಜರಿನ ಇನ್ನೊಂದು ಗನ್‌ಗೆ ಯಾರಾದರೂ ಗಾಡಿ ಹಚ್ಚಿದ್ದರೆ ನಿಮಗೆ ಸಿಗುವುದು 30 ಕಿಲೋವ್ಯಾಟ್. ಆಗಲೂ 22 ನಿಮಿಷ ಒಂದಕ್ಕೆ, 36 ನಿಮಿಷ ಇನ್ನೊಂದಕ್ಕೆ. ಊಟಕ್ಕೆ ಅಷ್ಟು ಹೊತ್ತು ಆಗಿಯೇ ಆಗುತ್ತದೆ.

ಚಾರ್ಜಿಂಗ್ ವೇಗ ಎರಡಕ್ಕೂ ಒಂದೇ: ಗರಿಷ್ಠ 150 ಕಿಲೋವ್ಯಾಟ್, ಶೇ. 30ರಿಂದ 80ಕ್ಕೆ 26 ನಿಮಿಷ ಎಂದು ಕಂಪನಿ ಹೇಳುತ್ತದೆ. ಅಷ್ಟು ಕೊಡುವ ಚಾರ್ಜರ್ ಸಿಕ್ಕಾಗ ಮಾತ್ರ ಆ ಮಾತು. ಬ್ಯಾಟರಿಯ 8 ವರ್ಷ ಅಥವಾ 1.6 ಲಕ್ಷ ಕಿ.ಮೀ. ವಾರಂಟಿಯೂ ಎರಡಕ್ಕೂ ಒಂದೇ.

ಕರೆಂಟ್ ಖರ್ಚಿನ ವ್ಯತ್ಯಾಸಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ವರ್ಷಕ್ಕೆ 15,000 ಕಿ.ಮೀ. ಓಡಿಸಿದರೂ ಚಾರ್ಜಿಂಗ್ ನಷ್ಟ ಸೇರಿ ಸುಮಾರು 250 ಯೂನಿಟ್ ಹೆಚ್ಚು, ಯೂನಿಟ್‌ಗೆ 6 ರೂಪಾಯಿ ಎಂದರೆ 1,500 ರೂಪಾಯಿ.

ಒಟ್ಟಿನಲ್ಲಿ ಆ 8.4 ಲಕ್ಷಕ್ಕೆ ಸಿಗುವುದು ಎರಡೇ ಮುಖ್ಯ ವಸ್ತು: ಮುಂದಿನ ಮೋಟರ್, ಮತ್ತು ಕಂಪ್ಯೂಟರ್ ನಿಯಂತ್ರಣದ ಡ್ಯಾಂಪರ್ (ಶಾಕ್ ಅಬ್ಸಾರ್ಬರ್). ನನ್ನ ಮತ ಪ್ರೀಮಿಯಂಗೆ.


ಕಣಕುಂಬಿ_ಮಳಿ:

ವಿಜಯಪುರದವರ ರೊಕ್ಕದ ಲೆಕ್ಕಕ್ಕ ನನ್ನ ತಕರಾರಿಲ್ಲ. ಆದರ ಚೋರ್ಲಾ ಘಾಟಿನ ಮಳಿಯನ್ನ ಅವರು ಲೆಕ್ಕಕ್ಕ ಹಿಡದಿಲ್ಲ. ಜೂನ್‌ನಿಂದ ಸಪ್ಟೆಂಬರ್ ತನಕ ಆ ರಸ್ತೆ ಒಣಗಿರೂದ ಕಡಿಮಿ. ತಿರುವಿನ್ಯಾಗ ಪಾಚಿ, ಗುಡ್ಡದಿಂದ ಹರದು ಬಂದ ಕೆಂಪು ರಾಡಿ, ಲಾರಿ ಸೋರಿಸಿದ ಡೀಸೆಲ್. ಹಿಂದಿನ ಗಾಲಿಗೆ ಅಷ್ಟ 313 ಪಿಎಸ್ ಕೊಟ್ಟು, ಹೇರ್‌ಪಿನ್ ತಿರುವು ಬಿಡೂಮುಂದ ಪೆಡಲ್ ಒಂದೀಟು ಹೆಚ್ಚ ಒತ್ತಿದ್ರ ಹಿಂಭಾಗ ಸರಿಯಾಕ ನೋಡತೈತಿ. ಟ್ರಾಕ್ಷನ್ ಕಂಟ್ರೋಲ್ ಹಿಡೀತೈತಿ, ಖರೆ. ಆದರ ಹಿಡದಾಗ ಗಾಡಿ ಏರಿನ್ಯಾಗ ಮುಗ್ಗರಿಸಿದಂಗ ಆಗತೈತಿ.

ಪರ್ಫಾರ್ಮೆನ್ಸ್‌ನ್ಯಾಗ ಗಾಲಿ ಜಾರೂ ಮೊದಲ ಟಾರ್ಕ್ ಹಿಂದ ಮುಂದ ಹಂಚೂ ವ್ಯವಸ್ಥಾ ಐತಿ, ಐಟ್ಯಾಕ್ ಅಂತಾರ. ಒದ್ದಿ ರಸ್ತೆದಾಗ ನಾಲ್ಕು ಗಾಲಿ ಎಳದ್ರ ಸಿಗೂ ಭರವಸೆ ಬ್ಯಾರೆನ. ಮಳಿಗಾಲದಾಗೂ ಗೋವಾಕ್ಕ ಹೋಗತೇನಿ ಅಂತ ಅವರ ಬರದಾರಲ್ಲ. ಅಂಥವರಿಗೆ ಇದು ಬರೀ ಮೆರಿಯಾಕ ಅಲ್ಲ.


ವಿಜಯಪುರ_ಇವಿ:

ಎಳೆತದ ಮಾತು ಒಪ್ಪಿದೆ. ಒದ್ದೆ ರಸ್ತೆಯ ಹಿಡಿತ ಒಣ ರಸ್ತೆಯ ಅರ್ಧಕ್ಕೆ ಬಂತು ಎಂದಿಟ್ಟುಕೊಳ್ಳಿ. ಹಿಂದಿನ ಎರಡು ಗಾಲಿಯ ಮೇಲೆ ಗಾಡಿಯ ಅರ್ಧಕ್ಕಿಂತ ತುಸು ಹೆಚ್ಚು ತೂಕ ಇರುತ್ತದೆ, ಹಾಗಾಗಿ ಪ್ರೀಮಿಯಂ ಆ ಹಿಡಿತದ ಅರ್ಧವನ್ನಷ್ಟೇ ಬಳಸಿ ಮುಂದೆ ನುಗ್ಗಬಲ್ಲದು. ನಾಲ್ಕು ಗಾಲಿಯದು ಪೂರ್ತಿ ಬಳಸುತ್ತದೆ. ಇದು ನಿಜವಾದ ಲಾಭ.

ಆದರೆ ಘಾಟಿನಲ್ಲಿ ಅಪಾಯ ಬರುವುದು ಹೆಚ್ಚಾಗಿ ಇಳಿಯುವಾಗ, ನಿಲ್ಲಿಸುವಾಗ, ತಿರುಗಿಸುವಾಗ. ಬ್ರೇಕ್ ಎಲ್ಲ ಕಾರಿನಲ್ಲೂ ನಾಲ್ಕೂ ಗಾಲಿಗೆ ಇದೆ. ಎರಡು ಟ್ರಿಮ್‌ನ ಟೈರ್ ಅಳತೆ ಒಂದೇ, 235/45 ಆರ್19. ಪರ್ಫಾರ್ಮೆನ್ಸ್ ಶೇ. 6ರಷ್ಟು ಭಾರ, ಅಂದರೆ ಅದೇ ವೇಗದಲ್ಲಿ ಬ್ರೇಕ್ ಕರಗಿಸಬೇಕಾದ ಶಕ್ತಿಯೂ ಅಷ್ಟೇ ಹೆಚ್ಚು. ಎರಡನೇ ಮೋಟರ್ ಇದ್ದರೆ ಒದ್ದೆ ತಿರುವಿಗೆ ಹೆಚ್ಚು ವೇಗದಲ್ಲಿ ನುಗ್ಗಬಹುದು ಎಂದು ಯಾರೂ ತಿಳಿಯಬಾರದು. ವೇಗ ಏರಿಸಿಕೊಡುವುದು ಮಾತ್ರ ಅದರ ಕೆಲಸ. ಟೈರಿನ ತೋಡು 3 ಮಿ.ಮೀ.ಗೆ ಇಳಿಯುವ ಮೊದಲೇ, ಮೇ ತಿಂಗಳಲ್ಲೇ ಬದಲಿಸಿದರೆ ಘಾಟಿನಲ್ಲಿ ಅದರಿಂದ ಸಿಗುವ ರಕ್ಷಣೆ ದೊಡ್ಡದು.

ಏರಿಗೆ ಶಕ್ತಿ ಸಾಲುತ್ತದೋ ಇಲ್ಲವೋ ಎಂಬ ಪ್ರಶ್ನೆಯೇ ಇಲ್ಲ. ಮಂದಿ, ಸಾಮಾನು ಸೇರಿ 2,300 ಕೆ.ಜಿ. ಗಾಡಿ ನೂರಕ್ಕೆ ಆರರ ಏರನ್ನು 60ರ ವೇಗದಲ್ಲಿ ಹತ್ತಲು 30 ಕಿಲೋವ್ಯಾಟ್ ಸಾಕು. ಪ್ರೀಮಿಯಂನ ಮೋಟರ್ 230 ಕಿಲೋವ್ಯಾಟಿನದು.

ಗೋವಾ ರೇಂಜ್ ಕೂಡ ಹೇಳಿಬಿಡುತ್ತೇನೆ. ಹೋಗಿ ಬರುವುದು 240 ಕಿ.ಮೀ. ಎಂದು ಹಿಡಿದರೆ 41ರಿಂದ 45 ಯೂನಿಟ್. ಸುಮಾರು 700 ಮೀಟರ್ ಏರುವುದಕ್ಕೆ 5 ಯೂನಿಟ್ ಹೆಚ್ಚು ಬೇಕು, ಇಳಿಯುವಾಗ ಅದರಲ್ಲಿ ಅರ್ಧದ ಹತ್ತಿರ ರೀಜನ್‌ನಿಂದ (ನಿಧಾನ ಮಾಡುವಾಗ ಮೋಟರೇ ಕರೆಂಟ್ ಹುಟ್ಟಿಸುವುದು) ವಾಪಸು ಬರುತ್ತದೆ. ಮನೆಯಿಂದ ಶೇ. 100 ಹಾಕಿಕೊಂಡು ಹೊರಟರೆ ಮೊದಲ ಕೆಲವು ಕಿ.ಮೀ. ರೀಜನ್ ಮೆತ್ತಗಿರುತ್ತದೆ. ಆದರೆ ಕಣಕುಂಬಿ ಮುಟ್ಟುವಷ್ಟರಲ್ಲಿ ಶೇ. 10 ಖಾಲಿಯಾಗಿರುತ್ತದೆ, ಘಾಟ್ ಇಳಿಯುವಾಗ ಪೂರ್ತಿ ರೀಜನ್ ಸಿಗುತ್ತದೆ. ಯಾವ ಟ್ರಿಮ್ ತಗೊಂಡರೂ ಗೋವಾದಲ್ಲಿ ಚಾರ್ಜರ್ ಹುಡುಕುವ ಕೆಲಸ ಇಲ್ಲ.


ಡ್ಯಾಂಪರ್_ಬಾಗಲಕೋಟಿ:

ಮೋಟರ್ ಬಗ್ಗೆ ಎಲ್ಲಾ ಬಂತು. ಬೆಳಗಾವಿ, ಬಾಗಲಕೋಟೆ, ವಿಜಯಪುರ, ನಮ್ಮ ಈ ಮೂರೂ ಜಿಲ್ಲೆಯ ರಸ್ತೆಗೆ ಅದಕ್ಕಿಂತ ಮುಖ್ಯವಾದ ವ್ಯತ್ಯಾಸ ಡ್ಯಾಂಪರಿನದು. ಕರಪತ್ರದಲ್ಲಿ ಒಂದೇ ಸಾಲಿನಲ್ಲಿ ಬರೆದು ಬಿಟ್ಟಿರುತ್ತಾರೆ.

ಪ್ರೀಮಿಯಂನಲ್ಲಿ ಇರುವುದು ಎಫ್‌ಎಸ್‌ಡಿ, ಅಂದರೆ ಅದುರಿನ ವೇಗಕ್ಕೆ ತಕ್ಕಂತೆ ಬಿಗಿ ಬದಲಿಸುವ ಡ್ಯಾಂಪರ್. ಇದು ಶುದ್ಧ ಯಾಂತ್ರಿಕ ವ್ಯವಸ್ಥೆ. ಪಿಸ್ಟನ್ ಪಕ್ಕ ಎಣ್ಣೆಗೆ ಇನ್ನೊಂದು ಸಣ್ಣ ದಾರಿ ಇರುತ್ತದೆ. ಗಾಲಿ ಸಣ್ಣಗೆ, ಚುರುಕಾಗಿ ಅದುರಿದಾಗ, ಅಂದರೆ ಕಿತ್ತುಹೋದ ಡಾಂಬರು, ತೇಪೆ, ಸೇತುವೆಯ ಜೋಡಣೆ ಬಂದಾಗ, ಎಣ್ಣೆ ಆ ದಾರಿಯಿಂದಲೂ ಹರಿದು ಡ್ಯಾಂಪರ್ ಮೆತ್ತಗಾಗುತ್ತದೆ. ಬಾಡಿ ನಿಧಾನ ವಾಲಿದಾಗ, ಉದ್ದನೆಯ ತಗ್ಗಿನಲ್ಲಿ ತೂಗಿದಾಗ ಆ ದಾರಿ ಮುಚ್ಚಿ ಬಿಗಿಯಾಗುತ್ತದೆ. ವೈರ್ ಇಲ್ಲ, ಸೆನ್ಸರ್ ಇಲ್ಲ.

ಪರ್ಫಾರ್ಮೆನ್ಸ್‌ನದು ಡೈಸಸ್-ಸಿ. ಸೆನ್ಸರ್ ನೋಡಿ ಎಣ್ಣೆಯ ದಾರಿಯನ್ನು ವಿದ್ಯುತ್ ವಾಲ್ವ್ ಹಿಗ್ಗಿಸುತ್ತದೆ, ಕುಗ್ಗಿಸುತ್ತದೆ. ಮೆತ್ತಗೆ ಬೇಕೋ ಬಿಗಿ ಬೇಕೋ ನೀವೂ ಆರಿಸಬಹುದು. ಎನ್‌ಎಚ್ 48ರಂಥ ಒಳ್ಳೆಯ ರಸ್ತೆಯಲ್ಲಿ ಜೋರಾಗಿ ಹೋಗುವಾಗ ಇದರ ಬಿಗಿ ಬಹಳ ಹಿತ. ಹಾಳು ರಸ್ತೆಯಲ್ಲಿ ಸಣ್ಣ ಅದುರು ನುಂಗುವುದರಲ್ಲಿ ಎಫ್‌ಎಸ್‌ಡಿ ಅಷ್ಟೇನೂ ಹಿಂದೆ ಬೀಳುವುದಿಲ್ಲ. ವಾರಂಟಿ ಮುಗಿದ ಮೇಲೆ ಎಣ್ಣೆ ಸೋರಿದರೆ ಡೈಸಸ್-ಸಿಯ ಡ್ಯಾಂಪರನ್ನು ವಾಲ್ವ್ ಸಮೇತ ಇಡಿಯಾಗಿ ಬದಲಿಸಬೇಕು, ಹೊರಗಿನ ಗ್ಯಾರೇಜಿನಲ್ಲಿ ರಿಪೇರಿ ಆಗುವ ವಸ್ತುವಲ್ಲ. ಆ ಖರ್ಚನ್ನೂ ಏಳೂವರೆ ಲಕ್ಷದ ಪಕ್ಕ ಬರೆದಿಡಿ.

ಇನ್ನು ಹಂಪ್. ಇದರ ಬಗ್ಗೆ ವಿವರವಾಗಿ ಬರೆಯಲೇಬೇಕು, ಯಾಕಂದ್ರೆ ಸೀಲ್‌ನ ಬ್ಯಾಟರಿ ಬಾಡಿಯ ಭಾಗವೇ ಆಗಿರುತ್ತದೆ, ಸೆಲ್-ಟು-ಬಾಡಿ ಎನ್ನುತ್ತಾರೆ. ತಳಕ್ಕೆ ಬಿದ್ದ ಪೆಟ್ಟು ಸೈಲೆನ್ಸರ್ ತಗ್ಗಾದಂತೆ ಅಲ್ಲ. ವೀಲ್‌ಬೇಸ್ 2,920 ಮಿ.ಮೀ., ಗಾಡಿ ನೆಲಕ್ಕೆ ಹತ್ತಿರ. ಇಂಡಿಯನ್ ರೋಡ್ಸ್ ಕಾಂಗ್ರೆಸ್ ಹೇಳುವ ಹಂಪ್ 3.7 ಮೀಟರ್ ಅಗಲ, 10 ಸೆಂ.ಮೀ. ಎತ್ತರ, 17 ಮೀಟರ್ ತ್ರಿಜ್ಯದ ದುಂಡು. ಅದರ ಮೇಲೆ ಈ ಗಾಡಿ ನಿಂತರೆ ನಡುವಿನಲ್ಲಿ ಉಬ್ಬು ಗಾಲಿಯ ಮಟ್ಟದಿಂದ ಮೇಲೇಳುವುದು 63 ಮಿ.ಮೀ. ಮಾತ್ರ. ಆರಾಮಾಗಿ ದಾಟುತ್ತದೆ. ತೊಂದರೆ ಕೊಡುವುದು ಊರ ಮುಂದೆ ಮಂದಿ ತಾವೇ ಹಾಕಿಕೊಂಡ ಹಂಪ್. ಅಗಲ ಒಂದು ಮೀಟರೂ ಇಲ್ಲ, ಎತ್ತರ 15 ಸೆಂ.ಮೀ. ಮುಂದಿನ ಗಾಲಿ ದಾಟಿ ಹಿಂದಿನ ಗಾಲಿ ಇನ್ನೂ ಈಚೆ ಇರುವಾಗ ಆ 15 ಸೆಂ.ಮೀ. ಪೂರ್ತಿಯಾಗಿ ಹೊಟ್ಟೆಯ ಕೆಳಗೆ ಬರುತ್ತದೆ. ಹಿಂದಿನ ಸೀಟಿನಲ್ಲಿ ಮೂರು ಮಂದಿ, ಡಿಕ್ಕಿಯಲ್ಲಿ ಸಾಮಾನು ಇದ್ದರೆ ತಾಗಿಯೇ ತಾಗುತ್ತದೆ. ಎರಡೂ ಟ್ರಿಮ್‌ಗೆ ಇದು ಒಂದೇ, ಡೈಸಸ್-ಸಿ ಗಾಡಿಯನ್ನು ಮೇಲೆ ಎತ್ತುವುದಿಲ್ಲ. ಅಂಥ ಹಂಪಿಗೆ ಓರೆಯಾಗಿ, ಒಂದೊಂದೇ ಗಾಲಿ ಹತ್ತುವಂತೆ, ನಡೆಯುವ ವೇಗದಲ್ಲಿ ಹೋಗಬೇಕು. ಬ್ರೇಕ್ ಒತ್ತಿಕೊಂಡು ಹತ್ತಬೇಡಿ. ಮೂಗು ತಗ್ಗಿ ಇದ್ದ ಅಂತರವೂ ಹೋಗುತ್ತದೆ. ಹಂಪಿಗೆ ಮೊದಲೇ ನಿಧಾನ ಮಾಡಿ, ಹತ್ತುವಾಗ ಬ್ರೇಕ್ ಬಿಡಿ.

ಟೈರ್. 235/45 ಆರ್19 ಅಂದರೆ ರಬ್ಬರಿನ ಪಕ್ಕೆ ಎತ್ತರ ಸುಮಾರು 106 ಮಿ.ಮೀ. ತಗ್ಗಿನ ಚೂಪು ಅಂಚಿಗೆ 60ರ ವೇಗದಲ್ಲಿ ಬಿದ್ದರೆ ರಿಮ್‌ಗೂ ತಗ್ಗಿನ ಅಂಚಿಗೂ ನಡುವೆ ಸಿಕ್ಕು ಒಳಗಿನ ದಾರ ಹರಿದು ಪಕ್ಕದಲ್ಲಿ ಗುಳ್ಳೆ ಏಳುತ್ತದೆ. ಗುಳ್ಳೆ ಎದ್ದ ಟೈರನ್ನು ಪಂಚರ್ ಅಂಗಡಿಯವರು ನಡೆಯುತ್ತದೆ ಎಂದರೂ ಬಳಸಬೇಡಿ. ಸೀಲ್‌ನಲ್ಲಿ ಸ್ಟೆಪ್ನಿ ಬರುವುದಿಲ್ಲ, ಪಂಚರ್ ಕಿಟ್ ಅಷ್ಟೇ. ಜಾಲಿ ಮುಳ್ಳು, ಮೊಳೆಯ ತೂತಿಗೆ ಆ ದ್ರಾವಣ ನಡೆಯುತ್ತದೆ. ಪಕ್ಕೆ ಸೀಳಿದರೆ ಟೋಯಿಂಗ್ ಒಂದೇ ದಾರಿ, ಅದೂ ನಾಲ್ಕೂ ಗಾಲಿ ಮೇಲೆತ್ತುವ ಫ್ಲಾಟ್‌ಬೆಡ್‌ನಲ್ಲಿ. ಗಾಲಿ ಉರುಳಿಸಿಕೊಂಡು ಎಳೆಯುವಂತಿಲ್ಲ.

ಹೊಸ ಟೈರ್ ಹಾಕಿಸುವಾಗ ಎಕ್ಸ್‌ಎಲ್ ಎಂದು ಬರೆದದ್ದು, ಲೋಡ್ ಇಂಡೆಕ್ಸ್ 99 ಇರುವುದನ್ನೇ ಕೇಳಿ. 99 ಅಂದರೆ ಒಂದು ಟೈರಿಗೆ 775 ಕೆ.ಜಿ. ಅದೇ ಅಳತೆಯಲ್ಲಿ 95 ಇರುವುದೂ ಸಿಗುತ್ತದೆ, ಅದು 690 ಕೆ.ಜಿ. ಎರಡು ಟನ್ ಮೀರಿದ ಗಾಡಿಗೆ ಮಂದಿ, ಸಾಮಾನು ತುಂಬಿದಾಗ ಅದು ಸಾಲದು.

ಮುಧೋಳ ಕಡೆ ಹೆಚ್ಚು ಓಡಾಟ ಇದ್ದರೆ 18 ಇಂಚಿನ ರಿಮ್‌ಗೆ 235/50 ಆರ್18 ವಿಚಾರ ಮಾಡಬಹುದು. ಒಟ್ಟು ವ್ಯಾಸ 692 ಮಿ.ಮೀ., ಮೂಲದ್ದು 694, ಸ್ಪೀಡೋಮೀಟರ್ ಕೆಡುವುದಿಲ್ಲ, ಪಕ್ಕೆ 11-12 ಮಿ.ಮೀ. ಹೆಚ್ಚು ಸಿಗುತ್ತದೆ. ಬ್ರೇಕ್ ಕ್ಯಾಲಿಪರ್‌ಗೆ ರಿಮ್ ತಾಗುವುದಿಲ್ಲ ಎಂದು ಬಿಗಿದು, ತಿರುಗಿಸಿ ನೋಡಿದ ಮೇಲೆಯೇ ರೊಕ್ಕ ಕೊಡಿ. ವಿಮೆಯವರಿಗೂ ಬರೆದು ತಿಳಿಸಿ.


ಟಿಳಕವಾಡಿ_ಗಾಡಿ:

ಭಾಳ ಉಪಕಾರ ಆತ್ರಿ. ಹಂಪಿನ ಮಾತು ಶೋರೂಂನ್ಯಾಗ ಯಾರೂ ಎತ್ತಿದ್ದಿಲ್ಲ. ಇನ್ನೆರಡು ಕೇಳೂದೈತಿ. ಮುಧೋಳ ರಸ್ತೆದಾಗ ಎರಡೆರಡು ಟ್ರ್ಯಾಲಿ ಕಟ್ಟಿದ ಕಬ್ಬಿನ ಟ್ರ್ಯಾಕ್ಟರ್ ದಾಟಾಕ 530 ಪಿಎಸ್ ಇದ್ರ ಅನುಕೂಲ ಅಲ್ಲೇನು? ಮತ್ತ ಮನ್ಯಾಗ ಈಗ ಸಿಂಗಲ್ ಫೇಸ್, ಮಂಜೂರಾದ ಲೋಡ್ 3 ಕಿಲೋವ್ಯಾಟ್. ಮೀಟರಿನಿಂದ ಗಾಡಿ ನಿಲ್ಲಿಸೂ ಜಾಗಾ 30 ಮೀಟರ್ ದೂರ. ಏನೇನ್ ಬದಲಿ ಮಾಡಬೇಕ್ರಿ?


ವಿಜಯಪುರ_ಇವಿ:

ಟ್ರ್ಯಾಕ್ಟರ್ ಪ್ರಶ್ನೆಗೆ: 40ರಿಂದ 80ಕ್ಕೆ ಏರಲು ಪ್ರೀಮಿಯಂಗೆ ಸುಮಾರು ಎರಡೂವರೆ ಸೆಕೆಂಡ್, ಪರ್ಫಾರ್ಮೆನ್ಸ್‌ಗೆ ಒಂದೂವರೆ. ಇದು ನೂರರ ಅಂಕಿಯಿಂದ ತೆಗೆದ ಅಂದಾಜು. ಆ ಒಂದು ಸೆಕೆಂಡಿನ ಮೇಲೆ ನಿಂತಿರುವ ಓವರ್‌ಟೇಕ್ ಮಾಡಲೇಬಾರದು. ಹಂಗಾಮಿನಲ್ಲಿ ರಾತ್ರಿ ಅಪಾಯ ಬರುವುದು ಹಿಂದೆ ಲೈಟ್ ಇಲ್ಲದ, ರಿಫ್ಲೆಕ್ಟರ್ ಇಲ್ಲದ ಟ್ರ್ಯಾಲಿಯಿಂದ, ಅಂಚು ಮೀರಿ ಚಾಚಿದ ಕಬ್ಬಿನಿಂದ. ಒಂದು ಟ್ರ್ಯಾಕ್ಟರ್ ದಾಟಿದೆ ಎನ್ನುವಷ್ಟರಲ್ಲಿ ಅದರ ಮುಂದೆ ಇನ್ನೊಂದು ಇರುತ್ತದೆ. ಅಲ್ಲಿ ಪಿಎಸ್ ಸಹಾಯಕ್ಕೆ ಬರುವುದಿಲ್ಲ, ಆದಷ್ಟು ಹಗಲಿನಲ್ಲಿ ಓಡಿಸಿರಿ.


ಅರ್ಥಿಂಗ್_ಬೆಳಗಾವಿ:

ವೈರಿಂಗ್ ವಿಷಯ ನಾನು ಹೇಳತೇನ್ರಿ, ಕಾಗದ ತಗೊಂಡು ಬರಕೊಳ್ರಿ.

7 ಕಿಲೋವ್ಯಾಟ್ ಚಾರ್ಜರ್ ಅಂದ್ರ 32 ಆಂಪಿಯರ್, ತಾಸುಗಟ್ಟಲೆ ಒಂದೇ ಸಮ ಎಳೀತೈತಿ. 3 ಕಿಲೋವ್ಯಾಟ್ ಮಂಜೂರಾತಿಯ ಮ್ಯಾಲೆ ಅದನ್ನ ಹಚ್ಚೂವಂಗಿಲ್ಲ. ಗೀಸರ್ 2, ಎಸಿ ಒಂದೂವರೆ, ಅಡಗಿಮನಿ, ಪಂಪು ಎಲ್ಲಾ ಕೂಡಿಸಿ ಹೆಸ್ಕಾಂ ಕಡೆ 12 ಕಿಲೋವ್ಯಾಟ್ ತನಕ ಮೂರು ಫೇಸಿಗೆ ಅರ್ಜಿ ಹಾಕ್ರಿ. ಒಂದು ಫೇಸಿಗೆ ಚಾರ್ಜರ್ ಒಂದ ಇರಲಿ. ಗೀಸರ್, ಎಸಿ ಉಳದ ಎರಡು ಫೇಸಿಗೆ ಹಂಚಸ್ರಿ. ಇದನ್ನ ಮಾಡದಿದ್ರ ಮುಂಜಾನೆ ಗೀಸರ್ ಹಚ್ಚಿದ ಕೂಡಲೆ ಮೇನ್ ಬೀಳತೈತಿ. ಲೋಡ್ ಏರಿಸಿದ್ರ ಪ್ರತಿ ಕಿಲೋವ್ಯಾಟಿಗೆ ನಿಗದಿ ಶುಲ್ಕ ತಿಂಗಳಾ ಬರತೈತಿ. ಗೃಹಜ್ಯೋತಿ ಇದ್ರ ಅದನ್ನ ಮರತಬಿಡ್ರಿ, ತಿಂಗಳಿಗೆ 200 ಯೂನಿಟ್ ಮೀರಿತಂದ್ರ ಪೂರ್ತಿ ಬಿಲ್ ನೀವ ಕಟ್ಟಬೇಕು. ಇವಿ ಚಾರ್ಜಿಂಗ್‌ಗೆ ಪ್ರತ್ಯೇಕ ದರಪಟ್ಟಿ ಐತಿ, ಬ್ಯಾರೆ ಮೀಟರ್ ಹಾಕಸೂದು ಲಾಭ ಐತೇನು ಅಂತ ಸೆಕ್ಷನ್ ಆಫೀಸಿನ್ಯಾಗ ಕೇಳ್ರಿ.

ಕೇಬಲ್. 30 ಮೀಟರಿಗೆ 6 ಚದರ ಮಿ.ಮೀ. ತಾಮ್ರ ಹಾಕಿದ್ರ 32 ಆಂಪಿಯರಿಗೆ ಸುಮಾರು 6 ವೋಲ್ಟ್ ಬೀಳತೈತಿ. 10 ಚದರ ಮಿ.ಮೀ. ಹಾಕಿದ್ರ ಮೂರೂವರೆ. ನಮ್ಮಲ್ಲಿ ಸಂಜಿಮುಂದ ವೋಲ್ಟೇಜ್ ಮೊದಲ ಇಳದಿರತೈತಿ, ಹಿಂಗಾಗಿ 10 ಹಾಕಸ್ರಿ. ಹಣ ಉಳಸಾಕಂತ ಅಲ್ಯೂಮಿನಿಯಂ ಬ್ಯಾಡ. ತಾಮ್ರದ ಟರ್ಮಿನಲಿಗೆ ಅದನ್ನ ನೇರ ಕಟ್ಟಿದ್ರ ಕಾಲಾಂತರದಾಗ ಸಡಿಲಾಗಿ ಬಿಸಿ ಆಗತೈತಿ. ಮನಿ ಚಾರ್ಜಿಂಗ್ ಕೆಡೂದು ಹೆಚ್ಚಾಗಿ ಹಿಂಗ ಸುಟ್ಟ ಟರ್ಮಿನಲಿನಿಂದ. ಮೊದಲ ವಾರ ಚಾರ್ಜ್ ಹಚ್ಚಿ ಒಂದು ತಾಸು ಆದಮ್ಯಾಲೆ ಡಿಬಿ ಬಾಕ್ಸಿನ (ಬ್ರೇಕರ್ ಇರೂ ಡಬ್ಬಿ) ಹೊರಗಿನಿಂದ ಕೈ ಇಟ್ಟು ನೋಡ್ರಿ. ಬಿಸಿ ಹತ್ತಿದ್ರ ಬಂದ್ ಮಾಡಿ, ವಯರ್‌ಮನ್ ಕಡೆ ಸ್ಕ್ರೂ ಮತ್ತ ಬಿಗಸ್ರಿ.

ಬ್ರೇಕರ್ 40 ಆಂಪಿಯರ್, ಸಿ ಕರ್ವ್. ಅದರ ಜೋಡಿ 30 ಮಿಲಿಆಂಪಿಯರ್ ಆರ್‌ಸಿಸಿಬಿ (ಕರೆಂಟ್ ಸೋರಿದ್ರ ಲೈನ್ ಕಡಿಯೂ ಸ್ವಿಚ್ಚು), ಟೈಪ್ ಎ. ಚಾರ್ಜರ್ ಒಳಗ 6 ಮಿಲಿಆಂಪಿಯರ್ ಡಿಸಿ ಸೋರಿಕೆ ಹಿಡಿಯೂ ವ್ಯವಸ್ಥಾ ಇದ್ರ ಟೈಪ್ ಎ ಸಾಕು, ಇಲ್ಲಂದ್ರ ಟೈಪ್ ಬಿ ಬೇಕು. ಅಂಗಡ್ಯಾಗ ಸಾದಾ ಟೈಪ್ ಎಸಿ ಕೊಡತಾರ, ಅದನ್ನ ಒಪ್ಪಬ್ಯಾಡ್ರಿ, ಡಿಸಿ ಸೋರಿದ್ರ ಅದು ಕುರುಡಾಗತೈತಿ. ಏಪ್ರಿಲ್, ಮೇ ಸಿಡಿಲಿನ ಸಲುವಾಗಿ ಟೈಪ್ 2 ಸರ್ಜ್ ಪ್ರೊಟೆಕ್ಟರ್ ಸಹಿತ ಹಾಕಸ್ರಿ.

ಅರ್ಥಿಂಗ್. ಹಳೇ ಮನಿಗೋಳ ಅರ್ಥಿಂಗ್ ಹೆಸರಿಗಷ್ಟ ಇರತೈತಿ, ಗಾಡಿ ಚಾರ್ಜ್ ತಗೊಳ್ಳೂದ ಇಲ್ಲ, ಕೆಂಪು ಲೈಟ್ ತೋರಿಸಿ ನಿಂದರತೈತಿ. ಮಂದಿ ಗಾಡಿ ಕೆಟ್ಟೈತಿ ಅಂತ ತಿಳೀತಾರ. ಚಾರ್ಜರಿಗೆ ಬ್ಯಾರೆ ಗುಂಡಿ ತಗಸ್ರಿ. ತಾಮ್ರ ಲೇಪಿಸಿದ 3 ಮೀಟರ್ ರಾಡ್, ಸುತ್ತ ಬೆಂಟೊನೈಟ್ ಪುಡಿ. ಉಪ್ಪು-ಇದ್ದಿಲಿ ಹಾಕಬ್ಯಾಡ್ರಿ, ಉಪ್ಪು ಲೋಹಾ ತಿನ್ನತೈತಿ. ಅಳದಾಗ 5 ಓಮ್‌ಕಿಂತ ಕೆಳಗ ಇರಬೇಕು. ನ್ಯೂಟ್ರಲ್-ಅರ್ಥ್ ನಡುವಿನ ವೋಲ್ಟೇಜ್ 3ರ ಒಳಗ ಇದ್ರ ಚಲೋ. ಬೆಳಗಾವಿ ಕೆಂಪುಕಲ್ಲಿನ ನೆಲದಾಗ ಬ್ಯಾಸಗಿಗೆ ಓಮ್ ಏರತೈತಿ, ಒಂದು ರಾಡ್ ಸಾಲದಿದ್ರ 3 ಮೀಟರ್ ಅಂತರದಾಗ ಇನ್ನೊಂದು ಹೊಡದು ಜೋಡಸ್ರಿ. ಬಾಗಲಕೋಟಿ, ವಿಜಯಪುರ ಕಡೆ ಎರಿಮಣ್ಣು ಹಸಿ ಇರೂತನಕ ಭಾಳ ಚಲೋ, ಬ್ಯಾಸಗ್ಯಾಗ ಬಿರುಕು ಬಿಟ್ಟು ರಾಡ್ ಬಿಟ್ಟು ಸರೀತೈತಿ. ಅಲ್ಲಿ ಗುಂಡಿಗೆ ನೀರು ಹಾಕ್ಕೋತ ಇರಬೇಕು.

ಮುಧೋಳದ ತೋಟದ ಮನ್ಯಾಗ ಪಂಪ್‌ಸೆಟ್ ಲೈನಿಗೆ ಗಾಡಿ ಹಚ್ಚಬ್ಯಾಡ್ರಿ. ಆ ಸಂಪರ್ಕ ನೀರಾವರಿಗೆ ಕೊಟ್ಟದ್ದು, ವೋಲ್ಟೇಜೂ ಏರಪೇರ. ಮನಿ ಮೀಟರಿನ 16 ಆಂಪಿಯರ್ ಪಾಯಿಂಟಿನಿಂದ ಗಾಡಿ ಜೋಡಿ ಬರೂ ಸಣ್ಣ ಚಾರ್ಜರ್ ರಾತ್ರಿ 10 ತಾಸು ಹಚ್ಚಿದ್ರ 27 ಯೂನಿಟ್ ಸಮೀಪ ತುಂಬತೈತಿ, ಅಂದ್ರ 150 ಕಿ.ಮೀ. ಖರೆ ಹೇಳಬೇಕಂದ್ರ ಬೆಳಗಾವಿಯಿಂದ ಮುಧೋಳಕ್ಕ ಹೋಗಿ ಬರಾಕ ಅದೂ ಬೇಕಾಗೂದಿಲ್ಲ.

ಇದು ಎಲ್ಎಫ್‌ಪಿ (ಲಿಥಿಯಂ ಐರನ್ ಫಾಸ್ಫೇಟ್) ಬ್ಯಾಟರಿ. ವಾರಕ್ಕೊಮ್ಮೆ ಶೇ. 100 ತುಂಬಸ್ರಿ, ಇಲ್ಲಂದ್ರ ಎಷ್ಟು ಉಳದೈತಿ ಅನ್ನೂ ಲೆಕ್ಕ ಗಾಡಿಗೆ ತಪ್ಪಾಕ ಹತ್ತತೈತಿ. ತುಂಬಿಸಿ ಹಂಗ ಬಿಸಿಲಿಗೆ ದಿನಗಟ್ಟಲೆ ಬಿಡಬ್ಯಾಡ್ರಿ.


ಕಣಕುಂಬಿ_ಮಳಿ:

ಪರ್ಫಾರ್ಮೆನ್ಸ್ ಚಲೋ ಅಂತ ಈಗೂ ಹೇಳತೇನಿ. ಆದರ ನಿರ್ಧಾರ ಟೆಸ್ಟ್ ಡ್ರೈವ್‌ನ್ಯಾಗ ಆಗಲಿ. ಎರಡೂ ಟ್ರಿಮ್ ಒಂದ ದಿನ, ಒಂದ ರಸ್ತೆದಾಗ ಓಡಸ್ರಿ. ನಾಲ್ಕು ಮಂದಿ ಕುಂತು, ಟೈರಿನ ಗಾಳಿ ಬಾಗಿಲ ಚೀಟ್ಯಾಗ ಬರದಷ್ಟ ಐತೇನು ಅಂತ ಅಳದು ಹೋಗ್ರಿ. ಟೆಸ್ಟ್ ಗಾಡಿಗೆ ಗಾಳಿ ಕಡಿಮಿ ಇಟ್ಟಿದ್ರ ಮೆತ್ತಗ ಅನಸಿ ಮೋಸ ಆಗತೈತಿ. ಹಾಳ ರಸ್ತೆದಾಗ 40ರ ವೇಗಕ್ಕ ಹಿಂದಿನ ಸೀಟಿನ್ಯಾಗ ನೀವ ಕುಂದರ್ರಿ, ವ್ಯತ್ಯಾಸ ಅಲ್ಲಿ ತಿಳೀತೈತಿ. ಜೋರಾಗಿ ಪೆಡಲ್ ಒತ್ತೂದನ್ನ ಖಾಲಿ, ನೇರ ರಸ್ತೆದಾಗ ಎರಡ ಸಲ ಮಾಡಿ ಮುಗಸ್ರಿ. ಪ್ರೀಮಿಯಂನ ಎಳೆತವ ನಿಮಗ ಸಾಕಷ್ಟ ಅನಿಸಿದ್ರ ನಾನೂ ಮುಂದ ವಾದ ಮಾಡೂದಿಲ್ಲ.


ಡ್ಯಾಂಪರ್_ಬಾಗಲಕೋಟಿ:

ಯಾವುದು ತಗೊಂಡರೂ ಡೆಲಿವರಿ ದಿನ ಇಷ್ಟು ನೋಡಿ. ನಾಲ್ಕೂ ಟೈರಿನ ಪಕ್ಕದ ನಾಲ್ಕಂಕಿ: ಮೊದಲ ಎರಡಂಕಿ ತಯಾರಾದ ವಾರ, ಕೊನೆಯ ಎರಡಂಕಿ ತಯಾರಾದ ವರ್ಷ. ವರ್ಷ ಹಳೆಯದಾಗಿದ್ದರೆ ಪ್ರಶ್ನೆ ಮಾಡಿ. ಎಸಿ ಚಾರ್ಜರಿಗೂ ಡಿಸಿ ಚಾರ್ಜರಿಗೂ ಹತ್ತು ಹತ್ತು ನಿಮಿಷ ಹಚ್ಚಿಸಿ ನೋಡಿ. ಎರಡಕ್ಕೂ ಒಳಗಿನ ದಾರಿ ಬೇರೆ, ಒಂದು ನಡೆದರೆ ಇನ್ನೊಂದು ನಡೆಯಬೇಕೆಂದಿಲ್ಲ. ಗಾಡಿಯನ್ನು ಲಿಫ್ಟ್ ಮೇಲೆ ಎತ್ತಿಸಿ ತಳದ ಫೋಟೋ ತೆಗೆದಿಟ್ಟುಕೊಳ್ಳಿ. ಸಾಗಣೆಯಲ್ಲಿ ಗೀಚಿದ್ದರೆ ಅಂದೇ ಬರೆಸಬೇಕು, ಆಮೇಲೆ ನಿಮ್ಮ ತಲೆಗೇ ಬರುತ್ತದೆ. ವಿಮೆಯಲ್ಲಿ ಝೀರೋ ಡೆಪ್ ಜೊತೆ ಬ್ಯಾಟರಿಗೆ, ಟೈರ್-ರಿಮ್‌ಗೆ ಕವರ್ ಇದೆಯೇ ಎಂದು ಪಾಲಿಸಿಯ ಕಾಗದದಲ್ಲೇ ಓದಿ. ಹತ್ತಿರದ ಸರ್ವಿಸ್ ಸೆಂಟರಿನಲ್ಲಿ ಮುಂದಿನ ಗಾಜು ಮತ್ತು ಡ್ಯಾಂಪರ್ ತರಿಸಲು ಎಷ್ಟು ದಿನ ಬೇಕು ಎಂದು ಬುಕಿಂಗ್ ರೊಕ್ಕ ಕಟ್ಟುವ ಮೊದಲೇ ಕೇಳಿ, ಉತ್ತರವನ್ನು ಇಮೇಲ್‌ನಲ್ಲಿ ತರಿಸಿಕೊಳ್ಳಿ.